ಒಂದೇ ರಿಫಾರ್ಮರ್, ಇಬ್ಬರ ಎತ್ತರದಲ್ಲಿ ಒಂದೂಕಾಲು ಅಡಿ ವ್ಯತ್ಯಾಸ: ಸೆಟ್ಟಿಂಗ್ ಹೇಗೆ ಮಾಡ್ಕೋಬೇಕು?

ಪುಟ್ಟಮಂಡಿ:

ನಮ್ಮ ಮನೆಯಲ್ಲಿ ಒಂದು ಪಿಲಾಟೀಸ್ ರಿಫಾರ್ಮರ್ ಇದೆ. ಹಳಿ ಮೇಲೆ ಓಡುವ ಹಲಗೆ (ಕ್ಯಾರೇಜ್) ಮೇಲೆ ಮಲಗಿ ಸ್ಪ್ರಿಂಗ್ ಎಳೆಯುತ್ತಾ ಮಾಡುವ ವ್ಯಾಯಾಮದ ಯಂತ್ರ. ಬೇರೆಯವರು ಬಳಸಿ ಕೊಟ್ಟದ್ದು. ಮ್ಯಾನುಯಲ್ ಜೊತೆಗೆ ಬರಲಿಲ್ಲ. ಬಳಸುವವರು ಇಬ್ಬರು. ನಾನು 4 ಅಡಿ 11 ಇಂಚು, ನಮ್ಮ ಯಜಮಾನರು 6 ಅಡಿ 2 ಇಂಚು. ನಮ್ಮಿಬ್ಬರ ತಲೆ ಒಂದೇ ಫೋಟೋದಲ್ಲಿ ಬರುವುದೇ ಕಷ್ಟ, ಒಂದೇ ಯಂತ್ರಕ್ಕೆ ಇಬ್ಬರನ್ನೂ ಹೊಂದಿಸುವುದು ಹೇಗೆ?

ಸದ್ಯಕ್ಕೆ ಬಂದಾಗ ಹೇಗಿತ್ತೋ ಹಾಗೇ ಬಳಸುತ್ತಿದ್ದೇವೆ. ಮಲಗಿ ಫುಟ್‌ಬಾರ್ ಮೇಲೆ ಪಾದ ಇಟ್ಟು ತಳ್ಳುವ ಫುಟ್‌ವರ್ಕ್ ಇದೆಯಲ್ಲ, ಅದರಲ್ಲಿ ನನ್ನ ಕಾಲು ಶುರುವಿನಲ್ಲೇ ಅರ್ಧ ನೇರ ಆಗಿರುತ್ತದೆ. ಒಂದು ಗೇಣು ತಳ್ಳಿದರೆ ಮುಗಿಯಿತು. ಅವರಿಗೆ ಉಲ್ಟಾ. ಮಂಡಿ ಎದೆ ಹತ್ತಿರ ಬರುತ್ತದೆ, ಸೊಂಟ ಕ್ಯಾರೇಜ್‌ನಿಂದ ಮೇಲೆ ಏಳುತ್ತದೆ. ಆಮೇಲೆ ಕೆಳಬೆನ್ನು ಹಿಡಿದುಕೊಂಡಿದೆ ಅಂತ ಓಡಾಡುತ್ತಾರೆ. ಕೈಯಲ್ಲಿ ಹಿಡಿದು ಎಳೆಯುವ ಹಗ್ಗದ್ದೂ ಹೀಗೇ ಗೋಳು. ನಾನು ಕೈ ಮೇಲೆತ್ತಿ ಹಿಡಿದರೆ ಹಗ್ಗ ಜೋತು ಬೀಳುತ್ತದೆ.

ಯಂತ್ರದಲ್ಲಿ ಏನಿದೆ ಅಂತ ಹೇಳುತ್ತೇನೆ. ಕಾಲಿನ ಕಡೆ ಐದು ಸ್ಪ್ರಿಂಗ್ ಸಿಕ್ಕಿಸುವ ಒಂದು ಕಬ್ಬಿಣದ ಬಾರ್. ಅದು ಎರಡೂ ಪಕ್ಕದ ಖಾಚುಗಳಲ್ಲಿ (ಬಾರ್ ಕೂರಲು ಕೊರೆದ ಸಂದುಗಳಲ್ಲಿ) ಕೂರುತ್ತದೆ. ಅಂಥ ಖಾಚು ನಾಲ್ಕು ಜೊತೆ ಇವೆ. ಹಳಿಯ ಪಕ್ಕದಲ್ಲಿ ರಬ್ಬರ್ ಟೋಪಿ ಹಾಕಿದ ಎರಡು ಗೂಟ, ಅವನ್ನೂ ಬೇರೆ ಬೇರೆ ತೂತಿಗೆ ಬದಲಾಯಿಸಬಹುದು ಅನ್ನಿಸುತ್ತದೆ. ಫುಟ್‌ಬಾರ್‌ಗೆ ಮೂರು ಎತ್ತರ. ಇದರಲ್ಲಿ ಯಾವುದನ್ನು ಮುಟ್ಟಬೇಕು, ಯಾವುದನ್ನು ಮುಟ್ಟಬಾರದು? ನಾನು ಹೋಗುತ್ತಿದ್ದ ಕ್ಲಾಸಿನಲ್ಲಿ ಎಲ್ಲರಿಗೂ ಒಂದೇ ಸೆಟ್ಟಿಂಗ್. ಕೇಳಿದರೆ "ನೀವು ಗಿಡ್ಡ ಇದ್ದೀರ, ಒಂದು ಸ್ಪ್ರಿಂಗ್ ಕಮ್ಮಿ ಮಾಡ್ಕೊಳ್ಳಿ" ಅಂದರು. ಸ್ಪ್ರಿಂಗ್ ಕಮ್ಮಿ ಮಾಡಿದರೆ ಕಾಲು ಉದ್ದ ಆಗುತ್ತಾ?

ಗೋಡೆಚಾರ್ಟ್:

ಸಿಂಪಲ್. 5 ಅಡಿ ಒಳಗಿದ್ದರೆ ಫುಟ್‌ಬಾರ್ ಹತ್ತಿರದ ಖಾಚು. 5ರಿಂದ 6 ಅಡಿ ಇದ್ದರೆ ಮಧ್ಯದ್ದು. ಆರರ ಮೇಲೆ ಇದ್ದರೆ ದೂರದ್ದು. ನಾನು ಹೋಗುವ ಸ್ಟುಡಿಯೋದ ಗೋಡೆ ಮೇಲೆ ಹೀಗೇ ಬರೆದು ಅಂಟಿಸಿದ್ದಾರೆ. ಜಾಸ್ತಿ ತಲೆ ಕೆಡಿಸ್ಕೋಬೇಡಿ.

ಸ್ಪ್ರಿಂಗ್ ಟೀಚರ್:

ಪುಟ್ಟಮಂಡಿ ಅವರೇ, ನಿಮ್ಮ ಕೊನೆಯ ಪ್ರಶ್ನೆ ಓದಿ ಜೋರಾಗಿ ನಕ್ಕೆ. ನಾನು ರಿಫಾರ್ಮರ್ ಕಲಿಸುವವಳು. ಗಿಡ್ಡ ಇರುವವರಿಗೆ ಸ್ಪ್ರಿಂಗ್ ಕಮ್ಮಿ ಮಾಡಿ ಅನ್ನುವ ಮಾತು ನನಗೂ ಕೇಳಿ ಕೇಳಿ ಸಾಕಾಗಿದೆ. ಸ್ಪ್ರಿಂಗ್ ಬದಲಾಯಿಸಿದರೆ ಭಾರ ಬದಲಾಗುತ್ತದೆ, ಅಳತೆ ಬದಲಾಗುವುದಿಲ್ಲ. ನಿಮ್ಮ ತೊಂದರೆ ಅಳತೆಯದ್ದು.

ಗೋಡೆಚಾರ್ಟ್ ಅವರೇ, ಬೇಜಾರು ಮಾಡ್ಕೋಬೇಡಿ. ಗುಂಪಿನ ಕ್ಲಾಸಿಗೆ ಚಾರ್ಟ್ ಒಂದು ಆರಂಭ ಅಷ್ಟೇ. ರಿಫಾರ್ಮರ್‌ಗೆ ನಿಮ್ಮ ಒಟ್ಟು ಎತ್ತರ ಬೇಕಾಗಿಯೇ ಇಲ್ಲ. ಮಲಗಿದಾಗ ಭುಜ ಶೋಲ್ಡರ್ ರೆಸ್ಟ್‌ಗೆ (ಕ್ಯಾರೇಜ್ ಮೇಲಿನ ಭುಜದ ತಡೆಗೆ) ತಾಗುತ್ತದೆ, ಪಾದ ಫುಟ್‌ಬಾರ್‌ಗೆ ತಾಗುತ್ತದೆ. ಯಂತ್ರ ಅಳೆಯುವುದು ಈ ಎರಡರ ನಡುವಿನದ್ದನ್ನು ಮಾತ್ರ. ಕತ್ತು ಮತ್ತು ತಲೆ ಲೆಕ್ಕಕ್ಕೆ ಬರುವುದಿಲ್ಲ. ಅದರಲ್ಲೂ ಕಾಲೆಷ್ಟು, ಮುಂಡ ಎಷ್ಟು ಅನ್ನುವುದು ಮುಖ್ಯ. ನನ್ನ ಬಳಿ ಕಲಿಯುವ ಇಬ್ಬರು ಹೆಂಗಸರು ಪಕ್ಕಪಕ್ಕ ನಿಂತರೆ ಒಂದೇ ಎತ್ತರ. ಒಬ್ಬರದು ಉದ್ದ ಕಾಲು, ಇನ್ನೊಬ್ಬರದು ಉದ್ದ ಮುಂಡ. ಇಬ್ಬರ ಸೆಟ್ಟಿಂಗೂ ಬೇರೆ. ಚಾರ್ಟ್ ಪ್ರಕಾರ ಹೋದರೆ ಇಬ್ಬರಲ್ಲಿ ಒಬ್ಬರಿಗೆ ತಪ್ಪಾಗುವುದು ಖಂಡಿತ.

ಒಂದು ಚಿಕ್ಕ ಲೆಕ್ಕ ಹೇಳುತ್ತೇನೆ, ಆಮೇಲೆ ನಿಮ್ಮ ಯಜಮಾನರ ಬೆನ್ನು ಯಾಕೆ ಹಿಡಿಯುತ್ತದೆ ಅಂತ ತಾನಾಗಿ ಗೊತ್ತಾಗುತ್ತದೆ. ತೊಡೆ ಮತ್ತು ಮೊಣಕಾಲ ಕೆಳಗಿನ ಭಾಗ ಒಂದೇ ಉದ್ದ ಅಂತ ಇಟ್ಕೊಳ್ಳಿ. ಮಂಡಿಯನ್ನು 90 ಡಿಗ್ರಿಗೆ ಮಡಿಸಿದಾಗ ಸೊಂಟದಿಂದ ಪಾದಕ್ಕೆ ಇರುವ ದೂರ ಕಾಲಿನ ಉದ್ದದ ಸುಮಾರು 70 ಪರ್ಸೆಂಟ್. ಉಳಿದ 30 ಪರ್ಸೆಂಟ್ ಕ್ಯಾರೇಜ್ ಓಡುವ ದೂರ. ನಿಮ್ಮ ಕಾಲು 70 ಸೆಂಟಿಮೀಟರ್ ಅಂದುಕೊಂಡರೆ ಶುರುವಿನಲ್ಲಿ ದೂರ 49, ಓಡುವುದು 21. ಅವರ ಕಾಲು 90 ಅಂದರೆ ಶುರುವಿನಲ್ಲಿ 63, ಓಡುವುದು 27. ಇಷ್ಟೇ ಆದರೆ ಏನೂ ತೊಂದರೆ ಇಲ್ಲ.

ಈಗ ಅವರನ್ನು ನಿಮ್ಮ ಸೆಟ್ಟಿಂಗ್‌ನಲ್ಲಿ ಮಲಗಿಸಿ. 90ರ ಕಾಲನ್ನು 49ಕ್ಕೆ ಮಡಿಸಬೇಕು. ಮಂಡಿ 70 ಡಿಗ್ರಿಗಿಂತಲೂ ಕಮ್ಮಿಗೆ ಮುದುರುತ್ತದೆ, ಕ್ಯಾರೇಜ್ ಓಡುವುದು 41 ಸೆಂಟಿಮೀಟರ್. ನಿಮ್ಮದರ ಸುಮಾರು ಎರಡರಷ್ಟು. ನಿಮ್ಮನ್ನು ಅವರ ಸೆಟ್ಟಿಂಗ್‌ನಲ್ಲಿ ಮಲಗಿಸಿದರೆ 70ರ ಕಾಲು 63ರಲ್ಲೇ ಶುರು. ಓಡುವುದು 7. ನೀವು ಹೇಳಿದ ಒಂದು ಗೇಣಿಗಿಂತಲೂ ಕಮ್ಮಿ. ಇದರಲ್ಲಿ ಮುಂಡದ ಉದ್ದ ಸೇರಿಸಿಲ್ಲ. ಅವರ ಮುಂಡವೂ ಉದ್ದ ಇರುತ್ತದೆ ಅಲ್ವಾ, ಆದ್ದರಿಂದ ಅವರ ಸೊಂಟ ಫುಟ್‌ಬಾರ್‌ಗೆ ಇನ್ನೂ ಹತ್ತಿರ ಬರುತ್ತದೆ. ನಿಜವಾದ ಪರಿಸ್ಥಿತಿ ಈ ಲೆಕ್ಕಕ್ಕಿಂತ ಕೆಟ್ಟದ್ದೇ.

ಇಲ್ಲಿ ಇನ್ನೊಂದು ವಿಷಯ. ಸ್ಪ್ರಿಂಗ್ ಎಷ್ಟು ಎಳೆದರೆ ಅಷ್ಟು ಬಿಗಿ. ಉದ್ದ ಕಾಲಿನವರು ಅದೇ ಸ್ಪ್ರಿಂಗನ್ನು ಜಾಸ್ತಿ ದೂರ ಎಳೆಯುತ್ತಾರೆ, ಕೊನೆಯಲ್ಲಿ ಅವರಿಗೆ ಜಾಸ್ತಿ ಭಾರ ಬರುತ್ತದೆ. ಅಂದರೆ ಇಬ್ಬರೂ ಎರಡು ಕೆಂಪು ಸ್ಪ್ರಿಂಗ್ ಹಾಕಿದ ಮಾತ್ರಕ್ಕೆ ಇಬ್ಬರೂ ಅಷ್ಟೇ ಕೆಲಸ ಮಾಡಿದರು ಅಂತಲ್ಲ. ನಿಮ್ಮಂಥವರಿಗೆ ಒಂದು ಸ್ಪ್ರಿಂಗ್ ಜಾಸ್ತಿಯೇ ಬೇಕಾಗಬಹುದು. ಬಣ್ಣದ ವಿಷಯವನ್ನೂ ಈಗಲೇ ಹೇಳಿಬಿಡುತ್ತೇನೆ: ಯಾವ ಬಣ್ಣ ಎಷ್ಟು ಗಟ್ಟಿ ಅನ್ನುವುದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ವಿಡಿಯೋದಲ್ಲಿ "ಒಂದು ಕೆಂಪು, ಒಂದು ನೀಲಿ" ಅಂದರೆ ಕಣ್ಣುಮುಚ್ಚಿ ಹಾಕಬೇಡಿ.

ಈಗ ನಿಮ್ಮ ಯಂತ್ರ. ಐದು ಸ್ಪ್ರಿಂಗ್ ಸಿಕ್ಕಿಸುವ ಬಾರ್ ಸ್ಪ್ರಿಂಗ್‌ಬಾರ್. ಕೆಲವರು ಗೇರ್‌ಬಾರ್ ಅನ್ನುತ್ತಾರೆ. ರಬ್ಬರ್ ಟೋಪಿಯ ಗೂಟ ಸ್ಟಾಪರ್. ಕ್ಯಾರೇಜ್ ಫುಟ್‌ಬಾರ್ ಕಡೆಗೆ ಎಲ್ಲಿಯವರೆಗೆ ಬರಬಹುದು ಅಂತ ತೀರ್ಮಾನ ಮಾಡುವುದು ಸ್ಟಾಪರ್. ನೀವು ಮುಟ್ಟಬೇಕಾದದ್ದು ಈ ಎರಡನ್ನೇ, ಆದರೆ ಎರಡನ್ನೂ ಜೊತೆಗೆ. ಈ ಒಂದು ಮಾತು ಮಾತ್ರ ದಯವಿಟ್ಟು ಮರೆಯಬೇಡಿ.

ಯಾಕೆ ಅಂದರೆ, ಸ್ಟಾಪರ್ ಮಾತ್ರ ತಲೆ ಕಡೆಗೆ ಸರಿಸಿ ಸ್ಪ್ರಿಂಗ್‌ಬಾರ್ ಇದ್ದಲ್ಲೇ ಬಿಟ್ಟರೆ ಸ್ಪ್ರಿಂಗ್ ಶುರುವಿನಲ್ಲೇ ಎಳೆದುಕೊಂಡಿರುತ್ತದೆ. ಯಜಮಾನರಿಗೆ ಮೊದಲ ಇಂಚಿನಿಂದಲೇ ಭಾರ. ಉಲ್ಟಾ ಮಾಡಿದರೆ, ಅಂದರೆ ಸ್ಪ್ರಿಂಗ್‌ಬಾರ್ ಮಾತ್ರ ತಲೆ ಕಡೆಗೆ ಬಂದು ಸ್ಟಾಪರ್ ಹಿಂದೆ ಉಳಿದರೆ, ಸ್ಪ್ರಿಂಗ್ ಸಡಿಲ ಆಗುತ್ತದೆ. ಇದು ಹೆಚ್ಚು ಅಪಾಯದ್ದು. ಸಡಿಲ ಸ್ಪ್ರಿಂಗ್‌ನ ಕೊಕ್ಕೆ ಕಳಚಿಕೊಳ್ಳಬಹುದು. ಕ್ಯಾರೇಜ್ ವಾಪಸ್ ಬರುವಾಗ ಕೊನೆಯಲ್ಲಿ ಹಿಡಿತ ಇಲ್ಲದೆ ಧಡ್ ಅಂತ ಬಡಿಯುತ್ತದೆ. ಸರಿಯಾಗಿ ಕೂತಿದೆ ಅನ್ನುವುದಕ್ಕೆ ಗುರುತು ಇಷ್ಟೇ: ಕ್ಯಾರೇಜ್ ಸ್ಟಾಪರ್‌ಗೆ ತಾಗಿ ನಿಂತಾಗ ಸಿಕ್ಕಿಸಿದ ಸ್ಪ್ರಿಂಗ್ ಜೋತು ಬಿದ್ದಿರಬಾರದು, ಕೈಯಲ್ಲಿ ಸಿಕ್ಕಿಸಲು ಹೆಣಗಾಡುವಷ್ಟು ಬಿಗಿಯೂ ಇರಬಾರದು.

ನೀವು ಮಾಡಬೇಕಾದದ್ದು ಹೀಗೆ. ಕ್ಯಾರೇಜ್ ಮೇಲೆ ಯಾರೂ ಇರಬಾರದು. ಎಲ್ಲ ಸ್ಪ್ರಿಂಗ್ ಬಿಚ್ಚಿ. ನಿಮಗೆ ಬೇಕಾದರೆ ಸ್ಪ್ರಿಂಗ್‌ಬಾರ್ ಮತ್ತು ಸ್ಟಾಪರ್ ಎರಡನ್ನೂ ಫುಟ್‌ಬಾರ್ ಕಡೆಗೆ ಸರಿಸಿ, ಅವರಿಗೆ ಬೇಕಾದರೆ ತಲೆ ಕಡೆಗೆ. ಬಾರ್ ಎರಡೂ ಪಕ್ಕ ಒಂದೇ ಜೊತೆ ಖಾಚಿನಲ್ಲಿ ಕೂತಿದೆಯಾ ಅಂತ ಬಗ್ಗಿ ನೋಡಿ. ಎಡಕ್ಕೆ ಎರಡನೆಯದು, ಬಲಕ್ಕೆ ಮೂರನೆಯದು ಅಂತ ಕೂರಿಸಿ ಗೊತ್ತೇ ಆಗದೆ ವ್ಯಾಯಾಮ ಮಾಡುವವರು ತುಂಬಾ ಜನ. ಗೂಟಗಳಿಗೂ ಇದೇ ಮಾತು. ಆಮೇಲೆ ಸ್ಪ್ರಿಂಗ್ ಸಿಕ್ಕಿಸಿ, ಮಲಗುವ ಮೊದಲು ಕ್ಯಾರೇಜನ್ನು ಕೈಯಲ್ಲಿ ನಿಧಾನ ಎಳೆದು ಬಿಡಿ.

ಎಷ್ಟನೇ ಖಾಚು ಅಂತ ನಾನು ನಂಬರ್ ಹೇಳುವುದಿಲ್ಲ. ಒಂದನೇ ಖಾಚು ಯಾವ ಕಡೆಯಿಂದ ಅನ್ನುವುದೇ ಎಲ್ಲ ಯಂತ್ರದಲ್ಲೂ ಒಂದೇ ಥರ ಇರುವುದಿಲ್ಲ. ನಂಬರ್ ಬದಲು ಸೊಂಟ ನೋಡಿ. ಒಬ್ಬರು ಮಲಗಲಿ, ಇನ್ನೊಬ್ಬರು ಪಕ್ಕದಲ್ಲಿ ಕೂತು ನೋಡಲಿ. ಕ್ಯಾರೇಜ್ ಸ್ಟಾಪರ್‌ಗೆ ತಾಗಿರಬೇಕು, ಪಾದದ ಮುಂಭಾಗ ಫುಟ್‌ಬಾರ್ ಮೇಲಿರಬೇಕು. ಬಾಲಮೂಳೆ ಭಾರವಾಗಿ ಕ್ಯಾರೇಜ್ ಮೇಲೆ ಕೂತಿದೆಯಾ? ಮಂಡಿ, ಸೊಂಟ ಎರಡೂ ಹೆಚ್ಚುಕಡಿಮೆ 90 ಡಿಗ್ರಿ ಹತ್ತಿರ ಇದೆಯಾ? ಬಾಲಮೂಳೆ ಎದ್ದಿದ್ದರೆ ಫುಟ್‌ಬಾರ್ ತೀರಾ ಹತ್ತಿರ ಇದೆ. ಸೊಂಟದ ಮಡಿಕೆಯೇ ಕಾಣದಷ್ಟು ಕಾಲು ಚಾಚಿದ್ದರೆ ತೀರಾ ದೂರ ಇದೆ. ಮಲಗಿದವರಿಗೆ ಇದು ತಾವಾಗಿ ಗೊತ್ತಾಗುವುದು ಕಷ್ಟ. ಪಕ್ಕದಿಂದ ನೋಡುವವರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ದೂರ ಸರಿಯಾದ ಮೇಲೆ ಫುಟ್‌ಬಾರ್ ಎತ್ತರ. ಬಾರ್ ಎತ್ತರಿಸಿದಷ್ಟೂ ಸೊಂಟ ಜಾಸ್ತಿ ಮಡಿಯುತ್ತದೆ. ಆದ್ದರಿಂದ ಅವರಿಗೆ ಒಂದು ಹಂತ ಕೆಳಗೆ ಇಟ್ಟು ನೋಡಿ. ತೊಡೆಯ ಹಿಂಭಾಗ ಬಿಗಿ ಇರುವವರಿಗೂ ಇದು ಹಿತ. ಒಂದು ಎಚ್ಚರಿಕೆ: ಬುಡದಲ್ಲಿ ತಿರುಗುವ ಥರದ ಫುಟ್‌ಬಾರ್ ಆದರೆ ಎತ್ತರ ಬದಲಾದಾಗ ದೂರವೂ ಸ್ವಲ್ಪ ಬದಲಾಗುತ್ತದೆ. ಹಂತ ಬದಲಿಸಿದ ಮೇಲೆ ಸೊಂಟವನ್ನು ಇನ್ನೊಮ್ಮೆ ನೋಡಿಕೊಳ್ಳಿ.

ಓದುತ್ತಿರುವ ಬೇರೆಯವರಿಗೂ ಒಂದು ಮಾತು. ಕೆಲವು ರಿಫಾರ್ಮರ್‌ಗಳಲ್ಲಿ ಫುಟ್‌ಬಾರೇ ಹಳಿ ಮೇಲೆ ಹಿಂದೆ ಮುಂದೆ ಸರಿಯುತ್ತದೆ. ನಿಮ್ಮದು ಅಂಥದ್ದಾದರೆ ನೀವು ಪುಣ್ಯವಂತರು. ಸ್ಪ್ರಿಂಗನ್ನು ಮುಟ್ಟದೆಯೇ ದೂರ ಬದಲಾಗುತ್ತದೆ, ಮೇಲೆ ಹೇಳಿದ ಬಿಗಿ, ಸಡಿಲದ ಗೊಂದಲವೇ ಇಲ್ಲ.

ಆರಡಿಮೂರು:

ಟೀಚರ್ ಮೇಡಂ ಹೇಳಿದ್ದರ ಮೇಲೆ ಎತ್ತರದವರ ಪರವಾಗಿ ಎರಡು ಮಾತು. ಪುಟ್ಟಮಂಡಿ ಅವರೇ, ಇದನ್ನು ನಿಮ್ಮ ಯಜಮಾನರಿಗೇ ಓದಿಸಿ.

ಖಾಚು ದೂರ ಇಟ್ಟರೆ ಎಲ್ಲ ಮುಗಿಯಿತು ಅಂತಲ್ಲ. ಹಳಿ ಎಲ್ಲಿ ಮುಗಿಯುತ್ತದೆ ಅಂತಲೂ ನೋಡಬೇಕು. ಸ್ಟಾಪರ್ ತಲೆ ಕಡೆಗೆ ಸರಿದಷ್ಟೂ ಕ್ಯಾರೇಜ್ ಓಡಲು ಉಳಿಯುವ ಹಳಿ ಕಮ್ಮಿ. ಉದ್ದ ಕಾಲಿನವರು ಹಗ್ಗಕ್ಕೆ ಪಾದ ಹಾಕಿ ಪೂರ್ತಿ ಚಾಚಿದಾಗ ಕ್ಯಾರೇಜ್ ಆ ತುದಿಗೆ ಹೋಗಿ ಗುದ್ದಬಹುದು. ಹಾಗಾದರೆ ಒಂದು ಖಾಚು ಫುಟ್‌ಬಾರ್ ಕಡೆಗೆ ಬಂದು, ಫುಟ್‌ವರ್ಕ್‌ನಲ್ಲಿ ಪೂರ್ತಿ ಸ್ಟಾಪರ್ ತನಕ ವಾಪಸ್ ಬರದೆ, ಸೊಂಟ ಏಳುವ ಮೊದಲೇ ನಿಲ್ಲಿಸಿ ಮತ್ತೆ ತಳ್ಳಬೇಕು. ನಾನು ಕೆಲವು ಯಂತ್ರಗಳಲ್ಲಿ ಹೀಗೇ ಮಾಡುವುದು. ಕೊಳ್ಳುವವರಿದ್ದರೆ ಫ್ರೇಮಿನ ಉದ್ದ ಕೇಳಿ ಕೊಳ್ಳಿ. ಮನೆಗೆ ಅಂತ ಮಾಡುವ ಮಡಚುವ ರಿಫಾರ್ಮರ್‌ಗಳಲ್ಲಿ ಕೆಲವು ಗಿಡ್ಡ ಇರುತ್ತವೆ.

ಇನ್ನೊಂದು ಶೋಲ್ಡರ್ ರೆಸ್ಟ್. ಅಗಲ ಭುಜದವರಿಗೆ ಅದು ಕತ್ತಿನ ಬುಡಕ್ಕೆ ಒತ್ತುತ್ತದೆ. ಕಾಲಿನಿಂದ ತಳ್ಳುವ ಬದಲು ಭುಜದಿಂದ ತಳ್ಳುವ ಅಭ್ಯಾಸ ಇದ್ದರಂತೂ ಕತ್ತು ನೋವು ಗ್ಯಾರಂಟಿ. ಕೆಲವು ಮಾಡೆಲ್‌ಗಳಲ್ಲಿ ಅಗಲ ಬದಲಾಯಿಸಬಹುದು, ಬೋಲ್ಟ್ ಇದೆಯಾ ಅಂತ ಕೆಳಗೆ ನೋಡಿ. ಇಲ್ಲದಿದ್ದರೆ ಒಂದೆರಡು ಸೆಂಟಿಮೀಟರ್ ಕೆಳಗೆ ಮಲಗಿ, ಭುಜ ಸುಮ್ನೆ ತಾಗಿರಲಿ.

ಪ್ಲ್ಯಾಂಕ್ ಥರದ ವ್ಯಾಯಾಮಗಳಲ್ಲಿ ಸೆಟ್ಟಿಂಗ್ ತಪ್ಪಿದ್ದು ಎದ್ದು ಕಾಣುತ್ತದೆ. ಲಾಂಗ್ ಸ್ಟ್ರೆಚ್‌ನಲ್ಲಿ ಕೈ ಫುಟ್‌ಬಾರ್ ಮೇಲೆ, ಹಿಮ್ಮಡಿ ಶೋಲ್ಡರ್ ರೆಸ್ಟ್‌ಗೆ. ಕ್ಯಾರೇಜ್ ಸ್ಟಾಪರ್ ಹತ್ತಿರ ಇದ್ದಾಗ ಭುಜ ಮಣಿಕಟ್ಟಿನ ಮೇಲೆ ನೇರ ಬರಬೇಕು. ನನ್ನಂಥವನಿಗೆ ಬಾರ್ ಹತ್ತಿರ ಇದ್ದರೆ ಭುಜ ಬಾರನ್ನು ದಾಟಿ ಮುಂದೆ ಹೋಗುತ್ತದೆ, ಮೂಗು ನೆಲ ನೋಡುತ್ತದೆ. ಎಲಿಫೆಂಟ್‌ನಲ್ಲಿ (ಕೈ ಫುಟ್‌ಬಾರ್ ಮೇಲಿಟ್ಟು, ಸೊಂಟ ಮೇಲೆತ್ತಿ ನಿಂತು ಮಾಡುವುದು) ಪಾದವನ್ನು ಶೋಲ್ಡರ್ ರೆಸ್ಟ್‌ಗೇ ಒತ್ತಬೇಕು ಅಂತಿಲ್ಲ, ಸ್ವಲ್ಪ ಮುಂದೆ ಇಟ್ಟು ಮಂಡಿ ಸಡಿಲ ಬಿಟ್ಟರೆ ಬೆನ್ನು ಸರಿಯಾಗಿ ಗುಂಡಗಾಗುತ್ತದೆ.

ಗೋಡೆಚಾರ್ಟ್:

ಒಪ್ಪಿದೆ ಮೇಡಂ. ನಿನ್ನೆ ಕ್ಲಾಸಿನಲ್ಲಿ ಪಕ್ಕದವರಿಗೆ ಹೇಳಿ ನನ್ನ ಸೊಂಟ ನೋಡಿಸಿದೆ. ಚಾರ್ಟ್ ಪ್ರಕಾರ ನಾನು ಮಧ್ಯದವನು, ಆದರೆ ಕಾಲು ಗಿಡ್ಡ ಅಂತೆ. ಒಂದು ಖಾಚು ಹತ್ತಿರ ತಂದರೆ ಸರಿಯಾಗುತ್ತದೆ ಅಂದರು. ಆದರೆ ಗುಂಪಿನ ಕ್ಲಾಸಿನಲ್ಲಿ ಒಬ್ಬರು ಇಳಿದ ತಕ್ಷಣ ಇನ್ನೊಬ್ಬರು ಹತ್ತುತ್ತಾರೆ. ಎಲ್ಲ ಸ್ಪ್ರಿಂಗ್ ಬಿಚ್ಚಿ ಬಾರ್ ಸರಿಸುವಷ್ಟು ಟೈಮ್ ಎಲ್ಲಿರುತ್ತದೆ?

ಸ್ಪ್ರಿಂಗ್ ಟೀಚರ್:

ಗೋಡೆಚಾರ್ಟ್ ಅವರೇ, ಐದು ನಿಮಿಷ ಮುಂಚೆ ಹೋಗಿ. ಟೀಚರ್‌ಗೆ ಹೇಳಿ ಅವರ ಕೈಯಲ್ಲೇ ಮಾಡಿಸಿಕೊಳ್ಳಿ. ಸ್ಟುಡಿಯೋದ ಯಂತ್ರವನ್ನು ಕೇಳದೆ ನೀವೇ ಬಿಚ್ಚಬೇಡಿ, ನಿಮ್ಮ ನಂತರ ಬರುವವರಿಗೆ ಗೊತ್ತಿರುವುದಿಲ್ಲ. ಅದೂ ಆಗದಿದ್ದರೆ ಸುಲಭ ಉಪಾಯ ಒಂದಿದೆ. ಕಾಲು ಗಿಡ್ಡ ಇರುವವರು ಶೋಲ್ಡರ್ ರೆಸ್ಟ್ ಮತ್ತು ಭುಜದ ನಡುವೆ ದಪ್ಪ ಫೋಮ್ ಪ್ಯಾಡ್ ಇಟ್ಟುಕೊಳ್ಳಬಹುದು. ಇಡೀ ದೇಹ ಫುಟ್‌ಬಾರ್ ಕಡೆಗೆ ಅಷ್ಟು ಸರಿಯುತ್ತದೆ. ಎರಡೂ ಪಕ್ಕ ಒಂದೇ ದಪ್ಪ ಇರಲಿ, ಒತ್ತಿದರೆ ಜಾರದಂಥದ್ದಾಗಿರಲಿ. ಎತ್ತರದವರಿಗೆ ಇಂಥ ಉಪಾಯ ಇಲ್ಲ, ಅವರು ಆರಡಿಮೂರು ಅವರು ಹೇಳಿದ ಹಾಗೆ ಅರ್ಧದಲ್ಲೇ ನಿಲ್ಲಿಸಬೇಕು.

ಆರಡಿಮೂರು ಅವರ ಹಳಿಯ ಮಾತನ್ನು ನಾನೇ ಹೇಳಬೇಕಿತ್ತು. ಪ್ಲ್ಯಾಂಕ್ ವಿಷಯದಲ್ಲಿ ಗಿಡ್ಡ ಇರುವವರಿಗೆ ಉಲ್ಟಾ: ಹಿಮ್ಮಡಿ ಶೋಲ್ಡರ್ ರೆಸ್ಟ್ ಮುಟ್ಟಿಸಿದರೆ ಭುಜ ಮಣಿಕಟ್ಟಿಗಿಂತ ಹಿಂದೆ ಉಳಿಯುತ್ತದೆ. ಆಗ ಪಾದವನ್ನು ಶೋಲ್ಡರ್ ರೆಸ್ಟ್‌ನಿಂದ ಬಿಡಿಸಿ ಕ್ಯಾರೇಜ್ ಮೇಲೆ ಮುಂದಕ್ಕೆ ಇಡಿ. ಸಾಕ್ಸ್ ಹಿಡಿತ ಇರುವಂಥದ್ದೇ ಬೇಕು.

ಪುಟ್ಟಮಂಡಿ:

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಇಬ್ಬರೂ ಕೂತು ಮಾಡಿದೆವು. ನನಗೆ ಫುಟ್‌ಬಾರ್‌ಗೆ ತೀರಾ ಹತ್ತಿರದ ಖಾಚು, ಸ್ಟಾಪರೂ ಅಲ್ಲಿಗೇ. ಅವರಿಗೆ ದೂರದಿಂದ ಎರಡನೆಯದು. ಕೊನೆಯ ಖಾಚಿನಲ್ಲಿ ಇಟ್ಟಾಗ ಆರಡಿಮೂರು ಅವರು ಹೇಳಿದ ಹಾಗೇ ಆ ತುದಿಗೆ ಗುದ್ದಿತು. ಫುಟ್‌ಬಾರ್ ಅವರಿಗೆ ಒಂದು ಹಂತ ಕೆಳಗೆ. ಬಾಲಮೂಳೆ ಕೂತಿದೆಯಾ ಅಂತ ನೋಡುವ ಕೆಲಸ ನನ್ನದು. "ಇನ್ನೂ ಎದ್ದಿದೆ, ಇನ್ನೂ ಎದ್ದಿದೆ" ಅಂತ ಕೂಗಿ ಕೂಗಿ ಪಕ್ಕದ ಮನೆಯವರು ಏನಂದುಕೊಂಡರೋ. ಮೊದಲ ಸಲ ನನಗೆ ತೊಡೆ ಪೂರ್ತಿ ಕೆಲಸ ಮಾಡಿದ ಹಾಗೆ ಅನ್ನಿಸಿತು, ಸ್ಪ್ರಿಂಗ್ ಒಂದು ಜಾಸ್ತಿಯೇ ಹಾಕಿಕೊಂಡೆ!

ಹಗ್ಗದ್ದು ಇನ್ನೂ ಬಗೆಹರಿದಿಲ್ಲ. ತಲೆ ಕಡೆ ಹಗ್ಗ ಕಚ್ಚಿ ಹಿಡಿಯುವ ಹಲ್ಲಿನ ಕ್ಲಿಪ್ ಇದೆ. ಎಷ್ಟು ಎಳೆಯಬೇಕು? ಮತ್ತೆ ಕ್ಯಾರೇಜ್ ಮೇಲೆ ಇಡುವ ಬಾಕ್ಸ್ ಮೇಲೆ ಕೂತು ಹಿಂದಕ್ಕೆ ಬಾಗುವಾಗ, ಪಾದ ಸಿಕ್ಕಿಸುವ ಪಟ್ಟಿಗೆ ನನ್ನ ಪಾದ ಸಿಗುವುದೇ ಇಲ್ಲ. ಹೆಡ್‌ರೆಸ್ಟ್ ಬಗ್ಗೆ ಯಾರೂ ಏನೂ ಹೇಳಲಿಲ್ಲ, ಅದು ಎತ್ತರಕ್ಕೆ ಸಂಬಂಧ ಇಲ್ವಾ?

ಸ್ಪ್ರಿಂಗ್ ಟೀಚರ್:

ಹೆಡ್‌ರೆಸ್ಟ್ ಎತ್ತರಕ್ಕಲ್ಲ, ಬೆನ್ನಿನ ಆಕಾರಕ್ಕೆ. ಮಲಗಿದಾಗ ಗಲ್ಲ ಮೇಲೆ ಎದ್ದು ಹಣೆ ಹಿಂದಕ್ಕೆ ಬಾಗುತ್ತಿದ್ದರೆ ಒಂದು ಹಂತ ಮೇಲೆತ್ತಿ. ಮೇಲ್ಬೆನ್ನು ಗೂನಿದವರಿಗೆ ಇದು ಬೇಕೇ ಬೇಕು. ಗಲ್ಲ ಎದೆಗೆ ಒತ್ತುತ್ತಿದ್ದರೆ ಇಳಿಸಿ. ಆದರೆ ಸೊಂಟ ಮೇಲೆತ್ತಿ ಬೆನ್ನು ಉರುಳಿಸುವ ಶಾರ್ಟ್ ಸ್ಪೈನ್ ಥರದ ವ್ಯಾಯಾಮ, ಬ್ರಿಡ್ಜ್, ಇವುಗಳಿಗೆ ಹೆಡ್‌ರೆಸ್ಟ್ ಪೂರ್ತಿ ಕೆಳಗೇ ಇರಬೇಕು. ಯಾರೇ ಆಗಲಿ, ಎಷ್ಟೇ ಎತ್ತರ ಇರಲಿ. ಎತ್ತಿದ ತಲೆಯ ಮೇಲೆ ಮೈಭಾರ ಬಿದ್ದರೆ ಕತ್ತಿಗೆ ಅಪಾಯ.

ಹಗ್ಗದ ಅಳತೆ ತೋಳಿನದ್ದು. ಕ್ಯಾರೇಜ್ ಸ್ಟಾಪರ್‌ಗೆ ತಾಗಿರಲಿ. ಮಲಗಿ, ಹಗ್ಗದ ತುದಿಯ ಲೂಪ್ ಹಿಡಿದು ಕೈಯನ್ನು ಸೂರಿಗೆ ನೇರ ಚಾಚಿ. ಹಗ್ಗ ಜೋತಿರಬಾರದು, ಕ್ಯಾರೇಜನ್ನೂ ಎಳೆದಿರಬಾರದು. ಸುಮ್ನೆ ನೇರ ನಿಂತಿರಬೇಕು. ನಿಮ್ಮ ತೋಳು ಗಿಡ್ಡ, ಆದ್ದರಿಂದ ನೀವು ಕ್ಲಿಪ್‌ನಲ್ಲಿ ಎಳೆದು ಚಿಕ್ಕದು ಮಾಡಬೇಕು. ಅವರಿಗೆ ಬಿಟ್ಟು ಉದ್ದ ಮಾಡಬೇಕು. ನಿಮ್ಮ ಅಳತೆಯಲ್ಲೇ ಅವರು ಮಾಡಿದರೆ ಶುರುವಾಗುವ ಮೊದಲೇ ಕ್ಯಾರೇಜ್ ಎದ್ದು ಹೊರಟಿರುತ್ತದೆ, ಭುಜ ಕಿವಿಗೆ ಏರುತ್ತದೆ. ನೆನಪಿಡಿ, ಸ್ಟಾಪರ್ ಜಾಗ ಬದಲಾದರೆ ಹಗ್ಗದ ಅಳತೆಯೂ ಬದಲಾಗುತ್ತದೆ. ಕ್ಯಾರೇಜ್ ತಲೆ ಕಡೆಗೆ ಸರಿದಷ್ಟೂ ಹಗ್ಗದ ಪುಲ್ಲಿ ಇರುವ ಕಂಬ ಹತ್ತಿರ, ಹಗ್ಗ ಸಡಿಲ. ಅದಕ್ಕೇ ಹಗ್ಗ ಯಾವಾಗಲೂ ಕೊನೆಗೆ.

ಎರಡು ಹಗ್ಗವೂ ಒಂದೇ ಉದ್ದ ಇದೆಯಾ ಅಂತ ನೋಡಲು ಎರಡೂ ಲೂಪನ್ನು ಒಟ್ಟಿಗೆ ಹಿಡಿದು ಮಧ್ಯಕ್ಕೆ ಎಳೆಯಿರಿ. ಒಂದು ಮುಂದೆ ಬಂದರೆ ಸರಿಮಾಡಿ. ಕ್ಯಾರೇಜ್ ಹಳಿ ಮೇಲೆ ನೇರವಾಗಿಯೇ ಓಡುತ್ತದೆ, ಹಗ್ಗ ಏರುಪೇರಾದರೆ ತಿರುಚಿಕೊಳ್ಳುವುದು ನಿಮ್ಮ ಬೆನ್ನು. ಪಾದ ಲೂಪಿಗೆ ಹಾಕುವ ವ್ಯಾಯಾಮಕ್ಕೆ ಉದ್ದದ ಲೂಪ್ ಬಳಸಿ. ಕಾಲನ್ನು ಮೇಲೆ ತರುವಾಗ ಹಗ್ಗ ಸಡಿಲಾಗಿ ಕ್ಯಾರೇಜ್ ಸ್ಟಾಪರ್‌ಗೆ ಬಡಿಯುತ್ತಿದ್ದರೆ ಅಲ್ಲಿಯವರೆಗೆ ತರಬೇಡಿ, ಅಥವಾ ಹಗ್ಗ ಇನ್ನೂ ಸ್ವಲ್ಪ ಚಿಕ್ಕದು ಮಾಡಿ.

ಬಾಕ್ಸ್ ಮೇಲೆ ಕೂರುವಾಗ ಖಾಚಿನ ಬಗ್ಗೆ ಯೋಚಿಸಬೇಡಿ, ಪಟ್ಟಿ ಉದ್ದ ಮಾಡಿ. ಪಾದ ಪಟ್ಟಿಯ ಕೆಳಗೆ ಸಿಕ್ಕಿಸಿ ಕೂತಾಗ ಮಂಡಿ ಸ್ವಲ್ಪ ಸಡಿಲ ಇರಬೇಕು. ಬೆರಳ ತುದಿಯಲ್ಲಿ ಪಟ್ಟಿ ಹಿಡಿದುಕೊಂಡು ಹಿಂದಕ್ಕೆ ಬಾಗಬಾರದು, ಜಾರಿದರೆ ನೇರ ಹಿಂದಕ್ಕೇ ಬೀಳುವುದು. ಪಟ್ಟಿ ಪೂರ್ತಿ ಬಿಟ್ಟರೂ ಸಿಗದಿದ್ದರೆ ಉದ್ದದ ಪಟ್ಟಿ ತರಿಸಿ. ಕ್ಯಾರೇಜ್ ಅಲುಗದಷ್ಟು ಸ್ಪ್ರಿಂಗ್ ಹಾಕುವುದು ಮರೆಯಬೇಡಿ.

ಯಜಮಾನರ ಬೆನ್ನು ಈಗಲೂ ಹಿಡಿಯುತ್ತಿದೆಯಾ?

ಪುಟ್ಟಮಂಡಿ:

ಫುಟ್‌ವರ್ಕ್‌ನಲ್ಲಿ ಇಲ್ಲ. ಹಿಮ್ಮಡಿ ಬಾರ್ ಮೇಲೆ ಇಟ್ಟು ತಳ್ಳುವಾಗ ಮಾತ್ರ ಕೊನೆಯಲ್ಲಿ ಸ್ವಲ್ಪ ಎಳೆದ ಹಾಗೆ ಆಗುತ್ತದಂತೆ. ದಿನಾ ಖಾಚು ಮರೆತು ಹೋಗುತ್ತದೆ ಅಂತ ಎರಡು ಬಣ್ಣದ ಟೇಪ್ ತಂದು ಅಂಟಿಸಿದ್ದೇನೆ. ನನಗೆ ಹಳದಿ, ಅವರಿಗೆ ನೀಲಿ. ಖಾಚು, ಸ್ಟಾಪರ್ ತೂತು, ಹಗ್ಗ ಮೂರಕ್ಕೂ. ನಂಬರ್ ಓದಲು ಬಗ್ಗುವುದೂ ತಪ್ಪಿತು.

ಸ್ಪ್ರಿಂಗ್ ಟೀಚರ್:

ಟೇಪ್ ಒಳ್ಳೆಯದು. ಹಗ್ಗದ ಮೇಲೆ ಮಾತ್ರ ಟೇಪ್ ಬೇಡ, ಪುಲ್ಲಿಯಲ್ಲಿ ಮತ್ತು ಕ್ಲಿಪ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಮಾರ್ಕರ್ ಪೆನ್ನಿನಲ್ಲಿ ಗುರುತು ಹಾಕಿ.

ಹಿಮ್ಮಡಿಯ ವಿಷಯ: ಕೊನೆಯಲ್ಲಿ ಮಂಡಿಯನ್ನು ಲಾಕ್ ಆಗುವಷ್ಟು ತಳ್ಳಬೇಡಿ ಅನ್ನಿ, ಬಾಲಮೂಳೆ ಆಗಲೂ ಕೂತಿದೆಯಾ ನೋಡಿ. ಫುಟ್‌ಬಾರ್ ಇನ್ನೂ ಒಂದು ಹಂತ ಇಳಿಯುವಂತಿದ್ದರೆ ಇಳಿಸಿ. ಅದಾದ ಮೇಲೂ ಎಳೆಯುತ್ತಿದ್ದರೆ ಸೆಟ್ಟಿಂಗ್ ಬದಲಾಯಿಸುತ್ತಾ ಕೂರದೆ ಫಿಸಿಯೋ ಹತ್ತಿರ ಬೆನ್ನು ತೋರಿಸಲಿ.

ಜಂಪ್‌ಬೋರ್ಡ್ (ಮಲಗಿಕೊಂಡೇ ಪಾದದಲ್ಲಿ ಒದ್ದು ಹಾರಲು ಫುಟ್‌ಬಾರ್ ಕಡೆ ಸಿಕ್ಕಿಸುವ ಹಲಗೆ) ಇದ್ದರೆ ಅದಕ್ಕೆ ನಿಮ್ಮ ಹಳದಿ, ನೀಲಿ ಗುರುತು ನಂಬಬೇಡಿ. ಬೋರ್ಡ್ ಕೂರುವ ಜಾಗ ಫುಟ್‌ಬಾರ್ ಇದ್ದ ಜಾಗಕ್ಕೆ ಸರಿಯಾಗಿ ಇರುವುದಿಲ್ಲ, ಪಾದವೂ ಪೂರ್ತಿ ಚಪ್ಪಟೆಯಾಗಿ ಕೂರುತ್ತದೆ. ಹಾರುವ ಮೊದಲು ಒಮ್ಮೆ ನಿಧಾನ ಮಂಡಿ ಮಡಿಸಿ, ಸ್ಟಾಪರ್‌ಗೆ ತಾಗಿದಾಗ ಸೊಂಟ ಹೇಗಿದೆ ಅಂತ ಅವರಿಂದ ನೋಡಿಸಿಕೊಳ್ಳಿ. ಇಳಿಯುವಾಗ ಕ್ಯಾರೇಜ್ ಸ್ಟಾಪರ್‌ಗೆ ಬಡಿಯುತ್ತಿದ್ದರೆ ಮೊದಲು ದೂರ ಸರಿ ಇದೆಯಾ ನೋಡಿ, ಸ್ಪ್ರಿಂಗ್ ಆಮೇಲೆ.